ಇನ್ನೊಂದೇ ಒಂದು ಅವಧಿ

ಧಾರವಾಡದ ಲಾ ಕಾಲೇಜಿನ ಅಧ್ಯಾಪಕಿ ಕೆಲಸಕ್ಕೆ ಮೂರು ವರ್ಷದ ರಜೆ ಹಾಕಿ ಮಲೇಷ್ಯಾಕ್ಕೆ ಬಂದ ಹಮೀದುನ್ನೀಸಾ, ಎಂಟು ವರ್ಷವಾದರೂ ಅಲ್ಲೇ ಇದ್ದಳು. ಉಗಾಂಡದ ಸಂವಿಧಾನದ ಮೇಲೆ ಮಹಾಪ್ರಬಂಧ ಬರೆಯಲು ಬಂದವಳಿಗೆ ಅದು ಮಹಾನಿರ್ಬಂಧವಾಗಿ ಕೂತಿತ್ತು. ತಪ್ಪು ಅರ್ಧ ಅವಳದು, ಅರ್ಧ ಉಗಾಂಡದ್ದು. ಅಧ್ಯಕ್ಷನಿಗೆ ಎರಡೇ ಅವಧಿ ಎಂಬ ಮಿತಿಯನ್ನು ಅಲ್ಲಿ 2005ರಲ್ಲೇ ಕಿತ್ತುಹಾಕಿದ್ದರು. ಎಪ್ಪತ್ತೈದರ ವಯೋಮಿತಿಯಾದರೂ ಉಳಿದಿದೆಯಲ್ಲ ಎಂದು ಅವಳು ಅದರ ಮೇಲೊಂದು ಅಧ್ಯಾಯ ಕಟ್ಟುವಷ್ಟರಲ್ಲಿ, 2017ರ ಕೊನೆಗೆ ಅದೂ ಹೋಯಿತು. ಅಧ್ಯಾಯವೂ ಹೋಯಿತು. ಆಮೇಲೆ ಕೊರೊನಾ, ಆಮೇಲೆ ಮಾರ್ಗದರ್ಶಕರ ನಿವೃತ್ತಿ. ಈಗ ಅಭಿವೃದ್ಧಿಯ ಕುರಿತ ಏಳನೇ ಅಧ್ಯಾಯವೊಂದು ಬಾಕಿ.

ಗಂಡ ಅಜೀಜ್ ಸೈಬರ್‌ಜಯಾದ ಡೇಟಾ ಸೆಂಟರಿನಲ್ಲಿ ಯಂತ್ರಗಳನ್ನು ತಣ್ಣಗಿಡುವ ಎಂಜಿನಿಯರ್. ಸಂಜೆ ಹೆಂಡತಿಯನ್ನು ತಣ್ಣಗಿಡುವುದು ಓವರ್‌ಟೈಮ್. ಐದು ವರ್ಷದವಳಾಗಿ ಬಂದಿದ್ದ ಮಗಳು ಖುಶ್ನುಮಾಗೆ ಈಗ ಹದಿಮೂರು. ಕನ್ನಡದಲ್ಲಿ ಬೈದರೆ ‘ಜಸ್ಟ್ ಫಿನಿಶ್ ಇಟ್ ಲಾ, ಅಮ್ಮಿ’ ಎಂದು ಮಲೇಷ್ಯಾದವರ ‘ಲಾ’ ಹಚ್ಚಿದ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಪಕ್ಕದೂರು ಪುತ್ರಜಯಾ, ಪುತ್ರಿಯರಿಗೆ ಜಯ ಸಿಗುವ ಊರನ್ನು ಸರ್ಕಾರ ಇನ್ನೂ ಕಟ್ಟಿಲ್ಲ ಎಂದು ಹಮೀದುನ್ನೀಸಾ ನಗುತ್ತಿದ್ದಳು. ನಗು ಈಚೆಗೆ ಕಡಿಮೆಯಾಗಿತ್ತು. ಡಾಕ್ಟರೇಟ್ ಇಲ್ಲದೆ ಬಂದರೆ ಹುದ್ದೆಯಿಲ್ಲ ಎಂದು ಧಾರವಾಡದಿಂದ ಕಾಗದ ಬಂದಿತ್ತು. ಇತ್ತ ಪ್ರಬಂಧ ಮುಗಿಸಲು ವಿಶ್ವವಿದ್ಯಾಲಯ ಕೊಟ್ಟಿದ್ದ ಒಂದೊಂದು ವರ್ಷದ ಐದು ವಿಸ್ತರಣೆ ಮುಗಿದಿದ್ದವು. ಆರನೆಯದಕ್ಕೆ ಸಮಿತಿಯ ಮುಂದೆ ಖುದ್ದಾಗಿ ಕೂರಬೇಕು.

ಅರ್ಜಿಯನ್ನು ಅವಳು ಜೀವ ಸುರಿದು ಬರೆದಿದ್ದಳು. ಮುಕ್ಕಾಲು ಕೆಲಸ ಮುಗಿದಿದೆ, ಈಗ ನಿಲ್ಲಿಸಿದರೆ ಇಷ್ಟು ವರ್ಷದ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ, ಶುರು ಮಾಡಿದ ಕೈಯೇ ಮುಗಿಸಬೇಕು.

ಸಮಿತಿಯ ಮುಖ್ಯಸ್ಥೆ ಪ್ರೊಫೆಸರ್ ರೊಸ್ನಾ ಅರ್ಜಿ ಓದಿ ಪಕ್ಕಕ್ಕಿಟ್ಟರು. ಪ್ರಬಂಧದ ಕರಡು ತೆರೆದು, ಐದನೇ ಅಧ್ಯಾಯದ ಒಂದು ಪುಟವನ್ನು ಗಟ್ಟಿಯಾಗಿ ಓದುವಂತೆ ಅವಳಿಗೆ ಹೇಳಿದರು. ಹಮೀದುನ್ನೀಸಾ ಓದಿದಳು.

“ಶುರು ಮಾಡಿದ ರಸ್ತೆ, ಅಣೆಕಟ್ಟು ಮುಗಿಸಲು ಇನ್ನೊಂದೇ ಒಂದು ಅವಧಿ ಬೇಕು ಎನ್ನುವುದು ವಾದವಲ್ಲ. ಕೆಲಸ ಯಾವಾಗಲೂ ಬಾಕಿ ಇರುತ್ತದೆ. ಮಿತಿ ಇರುವುದೇ ಅದಕ್ಕೆ.”

“ಚೆನ್ನಾಗಿದೆ. ಇದು ಸರಿಯಾ?” ಎಂದು ಕೇಳಿದರು ರೊಸ್ನಾ. ದನಿಯಲ್ಲಿ ಕುಹಕವಿರಲಿಲ್ಲ, ಅದೇ ಕಷ್ಟ.

ಸರಿ ಎಂದರೆ ಅರ್ಜಿ ಬಿತ್ತು. ತಪ್ಪು ಎಂದರೆ ಪ್ರಬಂಧವೇ ಬಿತ್ತು. ನನಗೂ ಉಗಾಂಡದ ಅಧ್ಯಕ್ಷರಿಗೂ ವ್ಯತ್ಯಾಸವಿದೆ, ಅವರ ಬೆನ್ನಿಗೆ ಸೈನ್ಯ, ನನ್ನ ಕೈಯಲ್ಲಿ ಬರೀ ಸ್ಟೂಡೆಂಟ್ ವೀಸಾ ಎನ್ನೋಣವೆಂದು ಬಾಯಿ ತೆರೆದಳು. ಆದರೆ ಅವಧಿ ಕೇಳುವ ಪ್ರತಿಯೊಬ್ಬನೂ ತನ್ನ ಪರಿಸ್ಥಿತಿ ಬೇರೆ ಎಂದೇ ಹೇಳುತ್ತಾನೆ ಎಂದು ಅದೇ ಪುಟದ ಅಡಿಟಿಪ್ಪಣಿಯಲ್ಲಿ ಬರೆದವಳೂ ಅವಳೇ. ಎಂಟು ವರ್ಷ ಕೂತು ಬೋನು ಕಟ್ಟಿದ್ದಳು. ಒಂದು ಸಂದೂ ಬಿಟ್ಟಿರಲಿಲ್ಲ.

“ಸರಿ ಇದೆ, ಪ್ರೊಫೆಸರ್.”

“ಹಾಗಾದ್ರೆ ಇದ್ದಷ್ಟನ್ನೇ ಕೊಡಿ. ಮೂವತ್ತು ದಿನ. ಪರೀಕ್ಷಕರು ಏನಂತಾರೋ ನಾನು ಹೇಳಲಾರೆ.”

ಹೊರಗೆ ಕಾರಿನಲ್ಲಿದ್ದ ಅಜೀಜ್ ಎಲ್ಲ ಕೇಳಿ ಹಣೆ ಒತ್ತಿಕೊಂಡ. “ತಪ್ಪು ಅಂದುಬಿಡೋದಲ್ವಾ? ಒಂದು ವರ್ಷ ಸಿಕ್ತಿತ್ತು.”

“ಸಿಕ್ತಿತ್ತು. ಆ ವರ್ಷ ಕೂತ್ಕೊಂಡು ಏನು ಬರೀಲಿ ರೀ?”

ಅವನು ಗೇರ್ ಹಾಕಿದ. ಅವಳು ಲ್ಯಾಪ್‌ಟಾಪ್ ತೆರೆದು ಮೊದಲ ಪುಟದಿಂದ ತಿದ್ದುತ್ತ ಕೂತವಳು ಮನೆ ಬಂದರೂ ತಲೆ ಎತ್ತಲಿಲ್ಲ.