ಪೊಟ್ಟಣದ ಕಾಯಿ

ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸುವುದು ಅವಳ ಕೆಲಸ. ಅದಕ್ಕೇ ಸಂಗ್ರಹಾಲಯದಲ್ಲಿ ಎಲ್ಲರ ಬಾಯಲ್ಲೂ ಅವಳು ಅಂಟಕ್ಕ. ಇಪ್ಪತ್ತಾರು ವರ್ಷ ಒಂದೇ ಮೇಜು, ಒಂದೇ ಕಿಟಕಿ, ಅದೇ ಗೋಂದಿನ ಬಟ್ಟಲು. ರದ್ದಿ ಕಾಗದದ ನಡುವೆ ಒತ್ತಿ ಒಣಗಿಸಿದ ಗಿಡವನ್ನು ಮುರಿಯದಂತೆ ಎತ್ತಬೇಕು, ಒಂದು ಎಲೆಯನ್ನಾದರೂ ಮಗುಚಿ ಬೆನ್ನು ಕಾಣುವಂತೆ ಅಂಟಿಸಬೇಕು, ಉದುರಿದ ಕಾಯಿ ಬೀಜ ಏನಿದ್ದರೂ ಪುಟ್ಟ ಪೊಟ್ಟಣಕ್ಕೆ ಹಾಕಿ ಹಾಳೆಯ ಮೂಲೆಗೆ ಸೇರಿಸಬೇಕು. ಓದಿದ್ದು ಏಳನೇ ಕ್ಲಾಸು. ಆದರೂ ಚೌಕ ಕಾಂಡ, ಎದುರುಬದುರು ಎಲೆ, ಎರಡು ತುಟಿಯ ಹೂವು ಕಂಡರೆ ಸಾಕು, ಇದು ಪುದೀನದ ಬಳಗದ್ದು ಅಂತ ಕೈ ಒರೆಸಿಕೊಳ್ಳುತ್ತಲೇ ಹೇಳಿಬಿಡುವಳು.

ಅಲ್ಲಿನ ಮುಖ್ಯಸ್ಥರನ್ನು ಎಲ್ಲರೂ ಸರ್ ಅನ್ನುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ. ಎಷ್ಟು ಬೆಟ್ಟ ಹತ್ತಿಳಿದರೂ ಯಾರೂ ಕಾಣದ ಹೊಸ ಗಿಡ ಒಂದೂ ತಮಗೆ ಸಿಕ್ಕಿಲ್ಲ ಅನ್ನುವ ಕೊರಗು ಅವರಿಗೆ. ಆ ಕೊರಗನ್ನೆಲ್ಲ ತೀರಿಸಿಕೊಳ್ಳುವುದು ಮಾತ್ರ ಅಂಟಕ್ಕನ ಮೇಲೆ.

ಒಂದು ಸಲ ಬೆಟ್ಟದಿಂದ ತಂದ ಕಟ್ಟು ಬಿಚ್ಚಿಸಿದರು. ಪುದೀನದ ಬಳಗದ ಒಂದು ಗಿಡದಲ್ಲಿ ಹೂವಿತ್ತು, ಕಾಯಿ ಇರಲಿಲ್ಲ. ನಾನೇ ಕೈಯಾರೆ ಕಿತ್ತು ಹಾಕಿದ್ದೆ, ಎಲ್ಲಿ ಚೆಲ್ಲಿದೆ ಅಂತ ಎಗರಾಡಿದರು. ಅವಳು ಕಾಗದ ಕಾಗದ ಕೊಡವಿದಳು, ನೆಲ ತಡಕಿದಳು. ಇಲ್ಲದ್ದು ಎಲ್ಲಿಂದ ಬರಬೇಕು? ನಾಳೆ ಬೆಳಗ್ಗೆ ಕಾಯಿ ಇರಬೇಕು, ಇಲ್ಲದಿದ್ದರೆ ನೀನಿರಲ್ಲ ಅಂದು ಸರ್ ಹೊರಟುಹೋದರು. ಗಂಡ ಸತ್ತು ಹನ್ನೊಂದು ವರ್ಷವಾಗಿತ್ತು, ಮಗಳು ಕಾಲೇಜಿಗೆ ಹೋಗುತ್ತಿದ್ದಳು, ಮನೆ ನಡೆಯುತ್ತಿದ್ದುದು ಈ ಕೆಲಸದಿಂದಲೇ.

ಅವತ್ತೇ ಬೇರೆ ದೇಶದಿಂದ ಗಾಜಿನ ಜಾಡಿಗಳ ಪೆಟ್ಟಿಗೆ ಬಂದಿತ್ತು, ಒಳಗೆಲ್ಲ ಹುಲ್ಲು ತುಂಬಿದ್ದರು. ಬಿಚ್ಚಿದ್ದು ಅವಳೇ. ಈಗ ನೋಡಿದರೆ ಅವಳ ಬಟ್ಟೆಯ ಅಂಚಿಗೆ ಆ ಹುಲ್ಲಿನೊಳಗಿನ ಕಾಯಿ ಒಂದು ಅಂಟಿತ್ತು. ಬಟಾಣಿಯಷ್ಟು ದಪ್ಪ, ಮೈತುಂಬ ಕೊಕ್ಕೆಮುಳ್ಳು. ಇಂಥದ್ದನ್ನು ಅವಳು ಯಾವ ಹಾಳೆಯಲ್ಲೂ ಕಂಡಿರಲಿಲ್ಲ. ಕಿತ್ತಳು, ಪೊಟ್ಟಣಕ್ಕೆ ಹಾಕಿದಳು, ಅಂಟಿಸಿದಳು. ತಪ್ಪೇ. ತಪ್ಪಲ್ಲ ಅಂತ ನಾನೂ ಹೇಳುವುದಿಲ್ಲ.

ಬೆಳಗ್ಗೆ ಸರ್ ಪೊಟ್ಟಣ ತೆರೆದು, ಬೆಟ್ಟದಲ್ಲಿ ಅವಸರಕ್ಕೆ ಸರಿಯಾಗಿ ನೋಡಿರಲಿಲ್ಲ ಅಂದುಕೊಂಡು ಕಾಯಿಯ ಮೇಲೆ ಬಗ್ಗಿದರು. ಪುದೀನದ ಬಳಗದ ಹೂವಿಗೆ ಇಂಥ ಕಾಯಿ ಎಲ್ಲಾದರೂ ಉಂಟೇ? ಆ ಬಳಗದ್ದೆಂದರೆ ಕಾಯಿಯೊಳಗೆ ನಾಲ್ಕು ಪುಟಾಣಿ ಕಾಳು ಇರಬೇಕು. ಒಡೆದು ನೋಡಿದ್ದರೆ ಅಲ್ಲೇ ಬಣ್ಣ ಬಯಲಾಗುತ್ತಿತ್ತು. ಇರುವುದೇ ಒಂದು ಕಾಯಿ, ಒಡೆದರೆ ಸಾಕ್ಷಿ ಎಲ್ಲಿ ಉಳಿಯುತ್ತದೆ ಅಂತ ಅವರು ಕೈಯೇ ಹಚ್ಚಲಿಲ್ಲ. ಆಸೆ ಅನ್ನುವುದು ಕಲಿತವನ ಕಣ್ಣಿಗೂ ಮಣ್ಣೆರಚುತ್ತದೆ ನೋಡಿ. ಲೋಕ ಕಾಣದ ಹೊಸ ಗಿಡ ಅಂತ ಬರೆಯಲು ಕೂತುಬಿಟ್ಟರು.

ಅಂಟಕ್ಕನಿಗೆ ಅನ್ನ ಸೇರಲಿಲ್ಲ. ಮೂರು ದಿನ ತಡೆದಳು. ನಾಲ್ಕನೆಯ ದಿನ, ಕೆಲಸ ಹೋದರೆ ಹೋಗಲಿ, ನಿಜ ಹೇಳಿಬಿಡುತ್ತೇನೆ ಅಂತ ಕೈ ತೊಳೆದುಕೊಂಡು ಸರ್ ಕೋಣೆಯ ಬಾಗಿಲಿಗೆ ಹೋದಳು. ಒಳಗೆ ಇನ್ನಿಬ್ಬರು ಚಹಾ ಕುಡಿಯುತ್ತಾ ಕೂತಿದ್ದರು. ಸರ್ ತಾವು ಬರೆದದ್ದನ್ನು ಅವರಿಗೆ ಓದಿ ಹೇಳುತ್ತಿದ್ದರು. "ಕೆಟ್ಟ ವಾಸನೆ. ಹೋಗೋ ಬರೋರಿಗೆಲ್ಲ ಅಂಟಿಕೊಳ್ಳುತ್ತೆ. ಕೊಡವಿದ್ರೂ ಬಿಡಲ್ಲ. ಯಾವ ಕೆಲಸಕ್ಕೂ ಬಾರದ ಗಿಡ. ಅದಕ್ಕೇ ನಮ್ಮ ಅಂಟಕ್ಕನ ಹೆಸರೇ ಇಟ್ಟಿದ್ದೀನಿ."

ಕೂತಿದ್ದವರು ನಕ್ಕ ರಭಸಕ್ಕೆ ಒಬ್ಬನಿಗೆ ಚಹಾ ನೆತ್ತಿಗೇರಿತು. ಬಾಗಿಲಲ್ಲಿ ನಿಂತವಳನ್ನು ಕಂಡ ಸರ್ ಮಾತು ನಿಲ್ಲಿಸಲೂ ಇಲ್ಲ, ಬಂದೆಯಾ, ನಿನಗೆ ಸಾವಿಲ್ಲದ ಹೆಸರು ಕೊಟ್ಟಿದ್ದೀನಿ ಅಂದರು. ಅವಳು ಬಂದ ದಾರಿಗೇ ತಿರುಗಿದಳು.

ಹೆಸರು ಅಚ್ಚಾಯಿತು. ಅಡ್ಡಹೆಸರಲ್ಲ, ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರು, ಹಿಂದೊಂದು ಲ್ಯಾಟಿನ್ ಬಾಲ. ಮಗಳ ತರಗತಿಯಲ್ಲಿ ಮೇಷ್ಟರು ಅದನ್ನೂ ಜೊತೆಗಿದ್ದ ಕೆಟ್ಟ ವಾಸನೆಯ ವಿವರವನ್ನೂ ಓದಿ ಹೇಳಿದರು. ಇಡೀ ತರಗತಿ ಮಗಳ ಕಡೆ ತಿರುಗಿ ಮೂಗು ಮುಚ್ಚಿಕೊಂಡಿತು. ಮನೆಗೆ ಬಂದ ಹುಡುಗಿ ಅತ್ತಿದ್ದರೆ ಅಂಟಕ್ಕ ತಡೆದುಕೊಳ್ಳುತ್ತಿದ್ದಳೇನೋ. ಅಳಲಿಲ್ಲ. ಮುಂದಿನ ವರ್ಷದ ಅರ್ಜಿಯಲ್ಲಿ ತಾಯಿಯ ಹೆಸರು ಬರೆಯುವ ಕಡೆ ಒಂದು ಗೆರೆ ಎಳೆದಳು, ಅಷ್ಟೆ.

ಆ ಗೆರೆ ನೋಡಿದ ಮೇಲೆ ಅಂಟಕ್ಕ ಸರ್ ಮುಂದೆ ಕೈಮುಗಿದು ನಿಂತಳು. ಹೆಸರು ತೆಗೆಸಿಕೊಡಿ ಅಂದಳು. ಸರ್ ಗಿಡಗಳಿಗೆ ಹೆಸರಿಡುವ ನಿಯಮದ ದಪ್ಪ ಪುಸ್ತಕ ಎತ್ತಿ ಬೆರಳಿಟ್ಟು ತೋರಿಸಿದರು. "ಚೆನ್ನಾಗಿಲ್ಲ, ನೋವಾಗುತ್ತೆ ಅಂತೆಲ್ಲ ಹೆಸರು ತೆಗೆಯೋ ಹಾಗಿಲ್ಲಮ್ಮ. ಗಿಡವೇ ಸುಳ್ಳು ಅಂತಾದ್ರೆ ಮಾತ್ರ ಬಿದ್ದುಹೋಗುತ್ತೆ."

ಅಯ್ಯೋ ಪುಣ್ಯಾತ್ಮ, ದಾರಿಯನ್ನು ತಾನೇ ತೋರಿಸಿಬಿಟ್ಟ! ಅಂಟಕ್ಕ ಸರಿ ಸರ್ ಅಂತ ತಲೆಯಾಡಿಸಿ ತನ್ನ ಮೇಜಿಗೆ ಹೋದಳು.

ಪೆಟ್ಟಿಗೆಯ ಹುಲ್ಲನ್ನು ಹಿಂದಿನ ಗೋಡೆಯ ಬುಡಕ್ಕೆ ಸುರಿದಿದ್ದರು. ಮಳೆ ಬಿದ್ದ ಮೇಲೆ ಅಲ್ಲಿ ನಾಲ್ಕು ಗಿಡ ಎದ್ದವು. ಕಾಯಿ ಬಿಟ್ಟ ದಿನವೇ ಅಂಟಕ್ಕ ಒಂದನ್ನು ಉಗುರಲ್ಲಿ ಸೀಳಿ ನೋಡಿದಳು. ಒಳಗೆ ಎರಡೇ ಎರಡು ಚಪ್ಪಟೆ ಬೀಜ. ಪುದೀನದ ಬಳಗಕ್ಕೂ ಇದಕ್ಕೂ ಎತ್ತಣಿಂದೆತ್ತ ಸಂಬಂಧ! ಅವತ್ತೇ ಹೇಳಬಹುದಿತ್ತು. ಹೇಳಿದ್ದರೆ ಸರ್ ಸದ್ದಿಲ್ಲದೆ ಒಂದು ತಿದ್ದುಪಡಿ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಬೇಡ. ಇನ್ನೂ ಮೇಲೆ ಹತ್ತಲಿ, ಎತ್ತರದಿಂದ ಬಿದ್ದರೆ ತಾನೇ ಸೊಂಟ ಮುರಿಯುವುದು ಅಂತ ಅವಳು ಕಾದಳು. ಬೇಸಗೆಯಲ್ಲಿ ಗೋಂದಿನ ಬಟ್ಟಲು ತೊಳೆದ ನೀರನ್ನು ಆ ಗಿಡಗಳಿಗೇ ಹಾಕಿದಳು. ಕಸ ಗುಡಿಸುವವನು ಕೀಳಲು ಬಂದಾಗಲೆಲ್ಲ ಏನೋ ಒಂದು ನೆವ ಹೇಳಿ ಸಾಗಹಾಕಿದಳು.

ಎಂಟು ವರ್ಷ ಹೀಗೇ ನಡೆಯಿತು. ನಾಲ್ಕು ಗಿಡ ನಾನೂರಾದವು. ನಾಯಿಯ ಬಾಲ ಹಿಡಿದು, ಕಾವಲುಗಾರನ ಕಾಲುಚೀಲ ಹಿಡಿದು ಕಾಯಿಗಳು ಬೀದಿ ದಾಟಿದವು. ಸರ್ ಗಾಡಿ ನಿಲ್ಲಿಸುತ್ತಿದ್ದುದೂ ಅದೇ ಗೋಡೆಯ ಪಕ್ಕ. ದಿನಾ ಪ್ಯಾಂಟಿನಿಂದ ಕಾಯಿ ಕೀಳುವುದು, ಕಸ ಗುಡಿಸುವವನಿಗೆ ಬೈಯುವುದು. ಕಿತ್ತದ್ದನ್ನು ಒಂದು ದಿನವಾದರೂ ಕಣ್ಣಿನ ಹತ್ತಿರ ಹಿಡಿದರೇ? ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಅಷ್ಟರಲ್ಲಿ ಆ ಹೊಸ ಗಿಡದ ಮೇಲೆ ಪುಸ್ತಕ ಬಂತು, ಪದಕ ಬಂತು, ದೇಶದ ಎಲ್ಲ ಸಂಗ್ರಹಾಲಯಗಳಿಗೂ ಅವರನ್ನೇ ಮೇಲಧಿಕಾರಿ ಮಾಡುವ ದಿನವೂ ಬಂತು.

ಅವತ್ತು ಹೊರಗಿನಿಂದ ಪುದೀನ ಬಳಗವನ್ನೇ ಅರೆದು ಕುಡಿದ ಹೆಂಗಸೊಬ್ಬಳು ಬಂದಿದ್ದಳು. ಸನ್ಮಾನಕ್ಕೆ ಮುಂಚೆ ಆ ಹಾಳೆಯನ್ನು ಕಣ್ಣಾರೆ ನೋಡಬೇಕು ಅಂದಳು. ಸರ್ ಹೊಸ ಸೂಟು ತೊಟ್ಟು ಆಗಷ್ಟೇ ಗಾಡಿ ಇಳಿದು ಬಂದಿದ್ದರು. ಹಿಂದೆ ಇಪ್ಪತ್ತು ಜನ. ಅಂಟಕ್ಕ ಹಾಳೆ ತಂದು ಮೇಜಿನ ಮೇಲಿಟ್ಟು ಪೊಟ್ಟಣ ಬಿಡಿಸಿದಳು. ಆಮೇಲೆ ಎಲ್ಲರೆದುರು ಸರ್ ಕಾಲ ಬಳಿ ಮಂಡಿಯೂರಿದಳು. ಆಶೀರ್ವಾದಕ್ಕೆ ಬಗ್ಗಿದಳು ಅಂತ ಸರ್ ಕೈ ಕೂಡ ಎತ್ತಿದರು. ಅವಳು ಪ್ಯಾಂಟಿನಿಂದ ಒಂದು ಕಾಯಿ ಕಿತ್ತು ಪೊಟ್ಟಣದ ಕಾಯಿಯ ಪಕ್ಕ ಇಟ್ಟಳು.

ಹೊರಗಿನಿಂದ ಬಂದವಳು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಚಿಮಟ ತೆಗೆದು ಎರಡನ್ನೂ ಒಡೆದಳು. ಎರಡರಲ್ಲೂ ಅವೇ ಚಪ್ಪಟೆ ಬೀಜ. ಕಾಯಿ ಬೇರೆ ಬಳಗದ್ದು, ಹೂವಿನದು ಇನ್ನೂರು ವರ್ಷದಿಂದ ಎಲ್ಲರಿಗೂ ಗೊತ್ತಿರುವ ಗಿಡ, ಈ ಹೆಸರು ನಿಲ್ಲುವುದಿಲ್ಲ ಅಂತ ಮೆಲ್ಲಗೆ ಹೇಳಿದಳು. ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸನ್ಮಾನಕ್ಕೆ ಸೇರಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು.

ಕೋಣೆ ಖಾಲಿಯಾದ ಮೇಲೆ ಸರ್ ಅವಳ ಸ್ಟೂಲಿನ ಮೇಲೇ ಕುಸಿದು ಕೂತರು. ಅವರ ಮುಖ ನೋಡಿ ಅವಳಿಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನಾಲ್ಕನೇ ದಿನವೇ ಹೇಳೋಕೆ ಬಂದಿದ್ದೆ ಸರ್. ನೀವು ಓದ್ತಾ ಇದ್ರಿ."

ಬೇರೆ ಕಾಯಿ ಸೇರಿಸಿ ಹಾಳೆ ಕೆಡಿಸಿದ್ದಕ್ಕೆ ವಾರದೊಳಗೆ ಅವಳನ್ನು ಕೆಲಸದಿಂದ ತೆಗೆದರು, ಪಿಂಚಣಿಯೂ ಹೋಯಿತು. ಅವಳಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ನೆಟ್ಟಗೆ ಮದುವೆಯಾಗಿ ಹೋಗಿದ್ದ ಮಗಳ ಮನೆಗೆ ಹೋಗಿ, ಹೊಸ್ತಿಲಲ್ಲೇ ನಿಂತು, ಹೆಸರು ಬಿತ್ತು ಕಣೇ ಅಂದಳು. ಹಾಗಾದರೆ ಪುಸ್ತಕದಿಂದ ಅಳಿಸುತ್ತಾರಾ ಅಂತ ಮಗಳು ಕೇಳಿದಳು. ಅಳಿಸುವುದಿಲ್ಲವಂತೆ. ಬಿದ್ದ ಹೆಸರನ್ನೂ ಸರಿಯಾದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದಿಡುತ್ತಾರಂತೆ, ಪಕ್ಕದಲ್ಲಿ ಆ ಹೆಸರು ಇಟ್ಟವರ ಹೆಸರೂ ಇರುತ್ತದಂತೆ. ಅದೂ ನಿಯಮವೇ.

ಮಗಳು ತಾಯಿಯ ಬಟ್ಟೆಯ ಅಂಚಿಗೆ ಅಂಟಿದ್ದ ಮುಳ್ಳುಕಾಯಿಯನ್ನು ನೋಡಿದಳು.

"ಅದನ್ನ ಕಿತ್ತು ಹೊರಗೆ ಎಸೆದು ಒಳಗೆ ಬಾ. ಮಕ್ಕಳು ಓಡಾಡ್ತಾರೆ."