ಹಲೋ ಅಕ್ಕನ ಎಲುಬು

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಹಲೋ ಅಕ್ಕ. ಮುಖ ನೋಡಿದವರು ಕಡಿಮೆ, ದನಿ ಕೇಳದವರಿಲ್ಲ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಹೊರಗಿನಿಂದ ಬಂದ ಕರೆಗಳನ್ನು ಒಳಗಿನ ವಾರ್ಡುಗಳಿಗೆ ಜೋಡಿಸುವುದು ಅವಳ ಕೆಲಸ. ಒಂದು ಉಸಿರು ಕೇಳಿದರೆ ಸಾಕು, ಯಾವ ಡಾಕ್ಟರು ಎಂದು ಹೇಳಿಬಿಡುತ್ತಿದ್ದಳು. "ನಿಮಗೇ ನೆಗಡಿ ಸಾರ್, ಮೊದಲು ಹಬೆ ತಗೊಳ್ಳಿ, ಆಮೇಲೆ ರೋಗಿಗಳನ್ನ ನೋಡೋರಂತೆ," ಎಂದು ದೊಡ್ಡ ಡಾಕ್ಟರಿಗೂ ಹೇಳುವ ಸಲಿಗೆ ಅವಳಿಗಿತ್ತು. ಆದರೆ ಕರೆ ಜೋಡಿಸಿದ ಮೇಲೆ ಮಾತು ತನ್ನ ಕಿವಿಗೆ ಬೀಳದಂತೆ ಬೋರ್ಡಿನ ಕೀಲಿಯನ್ನು ತಪ್ಪದೆ ಮುಚ್ಚುತ್ತಿದ್ದಳು. ಒಬ್ಬರ ಮಾತಿಗೂ ಕದ್ದು ಕಿವಿಗೊಟ್ಟವಳಲ್ಲ.

ಮನೆಯಲ್ಲಿ ಇದ್ದವಳು ತಂಗಿ ಒಬ್ಬಳೇ. ಇಬ್ಬರಿಗೂ ಮದುವೆ ಆಗಿರಲಿಲ್ಲ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ತಂಗಿ ಶಾಲೆ ಮಕ್ಕಳ ಬಟ್ಟೆ ಹೊಲಿಯುತ್ತ, ಹೊಲಿಗೆ ಮಿಷನ್ನಿನ ಸದ್ದಿಗಿಂತ ಜೋರಾಗಿ ಮಾತಾಡುತ್ತ ಇರುತ್ತಿದ್ದಳು. ಮೊದಲು ಗಮನಿಸಿದವಳೂ ಅವಳೇ.

"ಅಕ್ಕಾ, ನಿನ್ನ ತಲೆ ದಪ್ಪ ಆಗ್ತಿದೆ ಕಣೇ."

"ಈಗಲಾದ್ರೂ ಬುದ್ಧಿ ಬೆಳೀತಿದೆ, ಬಿಡು."

ತಂಗಿ ನಗಲಿಲ್ಲ. ಅಕ್ಕನ ಕನ್ನಡಕದ ಕಡ್ಡಿಗಳು ಕಿವಿಯ ಮೇಲೆ ಗಾಯ ಮಾಡಿದ್ದವು. ಹೆಡ್‌ಫೋನಿನ ಪಟ್ಟಿಯನ್ನು ಎಳೆದೆಳೆದು, ಇನ್ನು ಎಳೆಯಲು ಜಾಗವೇ ಉಳಿದಿರಲಿಲ್ಲ. ಬಲಗಾಲಿನ ಮುಂದಿನ ಎಲುಬು ಬಿಲ್ಲಿನಂತೆ ಬಾಗಿತ್ತು, ಮುಟ್ಟಿದರೆ ಬಿಸಿ. ತಂಗಿ ಹಟ ಮಾಡಿ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಎಕ್ಸ್‌ರೇ ಹಿಡಿದು ಬಹಳ ಹೊತ್ತು ನೋಡಿದರು. "ಎಲುಬು ಅಂದ್ರೆ ಗೋಡೆ ಇದ್ದ ಹಾಗೆ ಅಕ್ಕಾ. ಹಳೇದನ್ನ ಕೆಡವೋದು, ಹೊಸದನ್ನ ಕಟ್ಟೋದು, ಎಲ್ಲರ ಮೈಯಲ್ಲೂ ನಡೀತಾನೇ ಇರುತ್ತೆ. ನಿಮ್ಮಲ್ಲಿ ಕೆಡವೋರಿಗೆ ಹುಚ್ಚು ಹಿಡಿದಿದೆ. ಅವರ ಹಿಂದೇನೇ ಕಟ್ಟೋರು ಅಡ್ಡಾದಿಡ್ಡಿ ಕಟ್ತಿದಾರೆ. ಅದಕ್ಕೇ ಎಲುಬು ದಪ್ಪ ಆಗ್ತಿದೆ, ಆದ್ರೆ ಗಟ್ಟಿ ಇಲ್ಲ."

"ಎಷ್ಟು ಕೆಡವಿದಾರೆ ಅಂತ ಗೊತ್ತಾಗೋದು ಹೇಗೆ?" ಎಂದಳು ತಂಗಿ.

"ಎಲುಬಿನೊಳಗೆ ಕೊಲಾಜೆನ್ ಅನ್ನೋ ನಾರು ಇರುತ್ತೆ. ಅದು ಒಡೆದಾಗ ಹೈಡ್ರಾಕ್ಸಿಪ್ರೋಲೀನ್ ಅನ್ನೋ ಚೂರು ಬೀಳುತ್ತೆ. ಹೊಸ ನಾರು ಮಾಡೋಕೆ ಆ ಚೂರು ಕೆಲಸಕ್ಕೆ ಬರಲ್ಲ. ಸ್ವಲ್ಪ ಭಾಗ ಮೂತ್ರದಲ್ಲಿ ಹೋಗುತ್ತೆ. ಅದನ್ನ ಅಳೆದ್ರೆ ಒಳಗೆ ಎಷ್ಟು ಒಡೀತಿದೆ ಅಂತ ತಿಳಿಯುತ್ತೆ."

"ಅಂದ್ರೆ ನನ್ನ ಮನೆ ಗೋಡೆ ಚರಂಡೀಲಿ ಹರಿದು ಹೋಗ್ತಿದೆ ಅನ್ನಿ," ಎಂದು ಹಲೋ ಅಕ್ಕ ನಕ್ಕಳು.

ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಆ್ಯಸಿಡ್ ಹಾಕಿದ ಕ್ಯಾನಿನಲ್ಲಿ ಹಿಡಿಯಬೇಕಿತ್ತು. ಅದಕ್ಕೆ ಮುಂಚೆ ಕೆಲವು ದಿನ ಮಾಂಸ, ಮೀನು, ಜೆಲ್ಲಿ ಮುಟ್ಟುವಂತಿಲ್ಲ. ಅವುಗಳಲ್ಲೂ ಇದೇ ಕೊಲಾಜೆನ್, ಜೆಲ್ಲಿ ಮಾಡುವುದೂ ದನಕರುಗಳ ಎಲುಬು ಚರ್ಮದಿಂದಲೇ; ತಿಂದದ್ದರ ಚೂರು ಮೈಯ ಚೂರಿನ ಜೊತೆ ಬೆರೆತರೆ ಲೆಕ್ಕ ಕೆಡುತ್ತದೆ. ತಂಗಿ ಬೇಯಿಸಿದ ಸಪ್ಪೆ ತರಕಾರಿ ತಿಂದು ಬಾಯಿ ಕೆಟ್ಟಿದ್ದಾಗ ಯಾರೋ ನರ್ಸು ಮಗುವಿನ ಹುಟ್ಟುಹಬ್ಬದ ಜೆಲ್ಲಿ ತಂದುಕೊಟ್ಟಳು. ಅಕ್ಕ ಮರೆತು ತಿಂದಳು. "ಮಕ್ಕಳಿಗಿಂತ ಕಡೆ ನೀನು!" ಎಂದು ತಂಗಿ ಬೈದು ಪಥ್ಯವನ್ನು ಮೊದಲಿನಿಂದ ಶುರುಮಾಡಿಸಿದಳು. ಕೊನೆಗೆ ಆ ಕ್ಯಾನನ್ನು ಬಟ್ಟೆ ಚೀಲದಲ್ಲಿ ಮುಚ್ಚಿ, ಬೋರ್ಡಿನ ಕೆಳಗೆ ಕಾಲ ಬಳಿ ಇಟ್ಟುಕೊಂಡೇ ಅವಳು ಡ್ಯೂಟಿ ಮಾಡಿದಳು.

ಫಲಿತಾಂಶ ಬಂದದ್ದು ಅವಳ ಬೋರ್ಡಿನ ಮೂಲಕವೇ. ಲ್ಯಾಬಿನವನ ಗಂಟಲು ದೊಡ್ಡದು. "ಮೂಳೆ ಡಾಕ್ಟರಿಗೆ ಕೊಡಿ ಅಕ್ಕಾ, ನಿಮ್ದೇ ವಿಷ್ಯ!" ಎಂದು ಕೂಗಿದ. ಅವಳು ಜೋಡಿಸಿದಳು. ಕೀಲಿಯ ಮೇಲೆ ಬೆರಳಿಟ್ಟಳು, ಮುಚ್ಚಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಕದ್ದು ಕೇಳಲು ಕೂತಳು. ಆ ಕಡೆ ಇಬ್ಬರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ಪಕ್ಕದ ಮನೆಯ ಗೋಡೆಯಾಚೆ ಯಾರೋ ಗೊಣಗಿದಂತೆ ಕೇಳಿತೇ ಹೊರತು ಒಂದು ಪದವೂ ಬಿಡಿಯಾಗಿ ಕಿವಿಗೆ ಬೀಳಲಿಲ್ಲ. ಇನ್ನೊಂದು ಕಿವಿಗೆ ಬದಲಿಸಿಕೊಂಡಳು. ಅಲ್ಲೂ ಅಷ್ಟೇ. ಕಿವಿ ಮಂದವಾಗುತ್ತಿದೆ ಎಂಬ ಅನುಮಾನ ಇತ್ತು. ಇಷ್ಟರಮಟ್ಟಿಗೆ ಎಂದು ಗೊತ್ತಿರಲಿಲ್ಲ.

ಹೈಡ್ರಾಕ್ಸಿಪ್ರೋಲೀನ್ ಇರಬೇಕಾದದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಬುರುಡೆಯ ಎಲುಬು ದಪ್ಪಗಾಗಿ ಕಿವಿಯನ್ನು ಅಮುಕುತ್ತಿದೆ ಎಂದರು ಡಾಕ್ಟರು. ಎಲುಬು ಒಡೆಯುವುದನ್ನು ತಡೆಯುವ ಇಂಜೆಕ್ಷನ್ ಶುರುವಾಯಿತು. ಚುಚ್ಚಿಸಿಕೊಂಡಾಗಲೆಲ್ಲ ಮುಖ ಕೆಂಪಾಗಿ ವಾಂತಿಯಾಗುತ್ತಿತ್ತು. ಕಿವಿಯ ಸಂಗತಿಯನ್ನು ಮಾತ್ರ ಆಫೀಸಿಗೆ ತಿಳಿಸಬೇಡಿ ಎಂದು ಡಾಕ್ಟರನ್ನು ಬೇಡಿಕೊಂಡಳು. "ಔಷಧಿ ಹತ್ತಲಿ, ಸರಿಹೋಗುತ್ತೆ," ಎಂದು ತಂಗಿಗೂ ಹೇಳಿದಳು. ಅಂದಾಜಿನ ಮೇಲೆ ಕರೆಗಳನ್ನು ಜೋಡಿಸತೊಡಗಿದಳು.

ಒಂದು ಬೆಳಿಗ್ಗೆ ಯಾರೋ ಗಂಡಸು ಅವಸರದಲ್ಲಿ ಹೆರಿಗೆ ಕೋಣೆಗೆ ಕೊಡಿ ಎಂದ. ಅವಳಿಗೆ ಹೆಣದ ಕೋಣೆ ಎಂದು ಕೇಳಿತು. ಜೋಡಿಸಿದಳು. ಅವನು ಹೆಂಡತಿಯ ಹೆಸರು ಹೇಳಿ ವಿಚಾರಿಸಿದಾಗ ಶವಾಗಾರದವನು ಅಭ್ಯಾಸದಂತೆ, "ಬಾಡಿ ತಗೊಂಡು ಹೋಗೋಕೆ ಯಾರು ಬರ್ತೀರಿ?" ಎಂದನಂತೆ.

ಮೇಲೆ ಹೆರಿಗೆ ಕೋಣೆಯಲ್ಲಿ ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಆದರೆ ಅವನು ಓಡಿಬಂದು, ನಿಜ ತಿಳಿದುಕೊಂಡು, ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲಲ್ಲಿ ನಿಂತ. ಏನೇನೋ ಹೇಳಿದ. ಅವನ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಮುಟ್ಟುತ್ತಿರಲಿಲ್ಲ. "ಸ್ವಲ್ಪ ಜೋರಾಗಿ ಹೇಳಪ್ಪಾ," ಎಂದಳು. ಅವನು ಅಲ್ಲೇ ಕುಸಿದು ಕೂತು ಅತ್ತ.

ಅವಳನ್ನು ಆಸ್ಪತ್ರೆಯ ಬಟ್ಟೆ ಕೋಣೆಗೆ ಹಾಕಿದರು. ಹರಿದ ಹೊದಿಕೆ ಬೇರೆ, ಒಳ್ಳೆಯದು ಬೇರೆ ಮಾಡಿ ಮಡಚಿಡುವ ಕೆಲಸ. ಅಲ್ಲಿ ಅವಳನ್ನು ಯಾರೂ ಏನೂ ಕೇಳಬೇಕಾಗಿರಲಿಲ್ಲ. ಹಲೋ ಅಕ್ಕ ಎಂಬ ಹೆಸರು ಬೋರ್ಡಿಗೆ ಬಂದ ಹೊಸ ಹುಡುಗಿಗೆ ಅಂಟಿಕೊಂಡಿತು.

ಮತ್ತೆ ಪಥ್ಯ, ಮತ್ತೆ ಕ್ಯಾನು. ಈ ಸಲದ ವರದಿ ನೋಡಿ ಡಾಕ್ಟರ ಮುಖ ಅರಳಿತು. ಹೈಡ್ರಾಕ್ಸಿಪ್ರೋಲೀನ್ ಎಲ್ಲರಲ್ಲಿ ಇರುವಷ್ಟಕ್ಕೇ ಇಳಿದಿತ್ತು. ತಂಗಿ ಅಕ್ಕನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು: "ಒಡೆಯೋದು ನಿಂತಿದೆಯಂತೆ!"

"ಹಾಗಾದ್ರೆ ಕಿವಿ?"

ಡಾಕ್ಟರು ತಂಗಿಯ ಕಡೆ ನೋಡಿದರು. "ಕೆಡವೋರನ್ನ ನಿಲ್ಲಿಸಿದೀವಿ ಅಮ್ಮಾ. ಕಟ್ಟಿಬಿಟ್ಟಿದ್ದನ್ನ ತೆಗೆಯೋಕೆ ನಮ್ಮ ಕೈಲಿ ಆಗಲ್ಲ." ತಂಗಿಗೆ ಅದನ್ನು ಕೂಗಿ ಹೇಳಲು ಬಾಯಿ ಬರಲಿಲ್ಲ. ಅಕ್ಕ ಅವಳ ಮುಖ ನೋಡಿದಳು, ಎದ್ದಳು, ಚೀಲ ತೆಗೆದುಕೊಂಡಳು.

ತಂಗಿ ಕೆಲವು ಕಾಲ ಮೊದಲಿನಂತೆ ಮಾತಾಡುತ್ತಲೇ ಇದ್ದಳು. ಹೊಲಿಯುತ್ತ ಬೀದಿಯ ಸುದ್ದಿ, ಗಿರಾಕಿಗಳ ಜಗಳ ಎಲ್ಲ ಹೇಳುತ್ತಿದ್ದಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಆಮೇಲಾಮೇಲೆ ಇಬ್ಬರಿಗೂ ಕೈಸನ್ನೆ ಸಾಕಾಯಿತು: ಊಟಕ್ಕೆ ಬಾ, ಬಾಗಿಲು ಹಾಕು, ದೀಪ ಆರಿಸು. ಒಂದು ದಿನ ಬಟ್ಟೆ ಅಳತೆಗೆ ಬಂದ ಹೆಂಗಸು ಏನೋ ಕೇಳಿದಾಗ, ತಂಗಿ ಬಾಯಿ ಬಿಡದೆ ಬರೀ ಕೈಯಾಡಿಸಿದಳು. "ಅಯ್ಯೋ, ನಿಮಗೂ ಮಾತು ಬರಲ್ವಾ?" ಎಂದಳು ಆ ಹೆಂಗಸು. ಒಳಗಿನ ಕೋಣೆಯಲ್ಲಿ ಅಕ್ಕ ಗೋಡೆಗೊರಗಿ, ಕಾಲು ಚಾಚಿಕೊಂಡು ಕೂತಿದ್ದಳು.