ಅತ್ತೆಗೆ ಹುರಿದುಕೊಟ್ಟ ಸೊಪ್ಪು

ವಾಸಿಯಾಗದ ಕಾಯಿಲೆಯವರಿಗೆ ಗಾಂಜಾದಿಂದ ಮಾಡಿದ ಔಷಧಿ ಕೊಡಲು ಕಾನೂನು ಒಪ್ಪಬೇಕೋ ಬೇಡವೋ ಎಂದು ಈಚೆಗೆ ಪೇಪರಿನಲ್ಲಿ ದೊಡ್ಡ ದೊಡ್ಡವರು ಬರೆಯುತ್ತಿರುತ್ತಾರೆ. ನಾನು ಅರ್ಧ ಓದಿ ಮಡಚಿಡುತ್ತೇನೆ. ಪೂರ್ತಿ ಓದಿದ ದಿನ ತುಪ್ಪದಲ್ಲಿ ಹಸಿ ಸೊಪ್ಪು ಹುರಿದ ವಾಸನೆ ಮನೆಯೆಲ್ಲ ತುಂಬಿಕೊಳ್ಳುತ್ತದೆ. ಒಲೆಯ ಮೇಲೆ ಏನೂ ಇರುವುದಿಲ್ಲ. ಆದರೂ ಎದ್ದು ಹೋಗಿ ನೋಡಿ ಬರುತ್ತೇನೆ.

ಅರವತ್ತರ ದಶಕದ ಮಾತು. ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನ ಹತ್ತಿರ ನಮ್ಮ ಮನೆ. ಗಂಡ ಗೌರಿಬಿದನೂರಿನಲ್ಲಿ ಸರ್ಕಾರಿ ಸ್ಕೂಲ್ ಮೇಷ್ಟ್ರು, ಶನಿವಾರ ಬಸ್ಸಿನಲ್ಲಿ ಬಂದು ಸೋಮವಾರ ಬೆಳಿಗ್ಗೆ ಹೋಗುವವರು. ಉಳಿದಂತೆ ಮನೆಯಲ್ಲಿ ನಾನು, ಅತ್ತೆ, ರೇಷ್ಮೆ ಹುಳು. ಹುಳು ಸಾಕುವುದರಲ್ಲಿ ಅತ್ತೆಯನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಹಿಪ್ಪುನೇರಳೆ ಎಲೆಯನ್ನು ಬೆರಳಲ್ಲಿ ತಿಕ್ಕಿ ಮೂಸಿ, ಇದು ಯಾವ ಸಾಲಿನದು, ನಿನ್ನೆ ಕೊಯ್ದದ್ದೋ ಇವತ್ತಿನದೋ ಎಂದು ಹೇಳಿಬಿಡುತ್ತಿದ್ದರು. ನನಗೆ ಬಾಯಿ ಜೋರು. ಅವರ ಮುಂದೆ ಮಾತ್ರ ಅದು ನಡೆಯುತ್ತಿರಲಿಲ್ಲ.

ಅವರ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು. ಬೆಂಗಳೂರಿನ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಬಂದ ಮೇಲೆ ಗಂಜಿ ಕುಡಿದರೆ ವಾಂತಿ, ಮಲಗಿದರೆ ನೋವು. ಅವರ ತವರು ಅಂಬಾಜಿದುರ್ಗದ ಕಡೆ. ನೋವು ಬಂದಾಗ ಮಾತ್ರ ಕನ್ನಡ ಬಿಟ್ಟು ತವರಿನ ತೆಲುಗಿನಲ್ಲಿ ಅಳುತ್ತಿದ್ದರು. ಚಿಂತಾಮಣಿಯ ಪಂಡಿತರೊಬ್ಬರಲ್ಲಿಗೆ ಹೋದೆ. ಭಂಗಿ ಸೊಪ್ಪನ್ನು ತುಪ್ಪದಲ್ಲಿ ಹುರಿದು, ಬೆಲ್ಲದಲ್ಲಿ ಉಂಡೆ ಕಟ್ಟಿ, ಕಡಲೆಕಾಳಿನಷ್ಟು ಕೊಡಿ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಮೊದಲು ಅದನ್ನು ಅವರು ಲೈಸೆನ್ಸಿನ ಅಂಗಡಿಯಿಂದಲೇ ತರುತ್ತಿದ್ದರಂತೆ. ಈಗ ಸರ್ಕಾರ ಅಂಗಡಿ ಮುಚ್ಚಿಸಿದೆ, ನನ್ನ ಹೆಸರು ಎತ್ತಬೇಡಿ ಎಂದರು.

ಭಂಗಿ ಅಂದರೆ ಗಾಂಜಾ ಗಿಡದ ಎಲೆಯೇ. ಹುಡುಕುವ ಕಷ್ಟ ನಮಗಿರಲಿಲ್ಲ. ಎತ್ತಿಗೆ ಹೊಟ್ಟೆ ಉಬ್ಬರಿಸಿದರೆ ಅರೆದು ಕುಡಿಸಲೆಂದು, ತೀರಿಹೋದ ಮಾವನವರು ಕೊಟ್ಟಿಗೆಯ ಹಿಂದೆ ಹಾಕಿದ್ದು, ಬೀಜ ಉದುರಿ ವರ್ಷವರ್ಷವೂ ಒಂದು ಗಿಡ ಏಳುತ್ತಿತ್ತು. ಎತ್ತಿಗೆ ಕೊಡುವುದನ್ನು ಅತ್ತೆಗೆ ಕೊಡಲು ಒಂದು ದಿನ ಹಿಂಜರಿದೆ. ಕೊಟ್ಟ ಸಂಜೆ ಅವರು ಒಂದು ಬಟ್ಟಲು ರಾಗಿ ಗಂಜಿ ಕುಡಿದು ಹೊಟ್ಟೆಯಲ್ಲಿ ಉಳಿಸಿಕೊಂಡರು. ಗಡ್ಡೆ ಕರಗಲಿಲ್ಲ, ಕರಗುತ್ತದೆಂದು ಯಾರೂ ಹೇಳಿರಲೂ ಇಲ್ಲ. ಆದರೆ ಹದಿನೈದು ದಿನ ಆ ಮನೆಯಲ್ಲಿ ತೆಲುಗು ಕೇಳಿಸಲಿಲ್ಲ.

ಅಷ್ಟರಲ್ಲಿ ಹುಳು ನಾಲ್ಕನೇ ಜ್ವರದಿಂದ ಎದ್ದವು. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಕಳೆದ ಮೇಲೆ ಎಂಟು ದಿನ ಒಂದೇ ಸಮ ಮೇಯ್ದು, ಹಣ್ಣಾಗಿ, ಗೂಡು ಕಟ್ಟುತ್ತವೆ. ಆ ಎಂಟು ದಿನ ನಮ್ಮ ಮನೆಯಲ್ಲಿ ಒಗ್ಗರಣೆ ಇಲ್ಲ, ಬೀಡಿ ಇಲ್ಲ, ತಲೆಗೆ ಮಲ್ಲಿಗೆ ಕೂಡ ಇಲ್ಲ. ಘಾಟು ತಗುಲಿದರೆ ಹುಳು ಮೇವು ಬಿಟ್ಟು ಸಾಯುತ್ತವೆ ಎಂದು ಅತ್ತೆಯ ಗಟ್ಟಿ ನಂಬಿಕೆ. ಭಂಗಿಯನ್ನು ಹಿತ್ತಲಲ್ಲಿ ಹುರಿದು ತರುತ್ತೇನೆ ಎಂದೆ. ವಾಸನೆ ನಿನ್ನ ಕೈಯಲ್ಲೇ ಬರುತ್ತದೆ, ಅದೇ ಕೈಯಲ್ಲಿ ಹುಳುವಿಗೆ ಸೊಪ್ಪು ಹಾಕುತ್ತೀಯ ಎಂದರು.

"ಹುಳ ಹಣ್ಣಾಗ್ಲಿ ಕಣಮ್ಮ, ಆಮೇಲೆ ಕೊಡುವಂತೆ. ಎಂಟು ದಿನ ತಡ್ಕೊಂತೀನಿ."

ನಾನು ಒಪ್ಪಿದೆ. ಸುಳ್ಳು ಯಾಕೆ, ಬೇಗ ಒಪ್ಪಿದೆ. ಅದು ಮೊಟ್ಟೆಯಿಂದ ನಾನೊಬ್ಬಳೇ ಸಾಕಿದ ಮೊದಲ ಬೆಳೆ, ಕೆಟ್ಟಿತೆಂದು ಅನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಹುಳುವಿನ ತಟ್ಟೆಗಳ ಪಕ್ಕದ ಮಂಚದಲ್ಲಿ ಅವರು ಸೆರಗನ್ನು ಬಾಯಿಗೆ ತುರುಕಿಕೊಂಡು ಮಲಗಿರುತ್ತಿದ್ದರು. ನಾನು ಸೊಪ್ಪು ಹಾಕುತ್ತಿದ್ದೆ.

ನಡುವೆ ಶನಿವಾರ ಬಂತು. ಮಂಚೇನಹಳ್ಳಿಯ ಕಡೆ ಹಿತ್ತಲಲ್ಲಿ ಗಾಂಜಾ ಗಿಡ ಇಟ್ಟುಕೊಂಡವನನ್ನು ಪೊಲೀಸರು ಹಿಡಿದುಕೊಂಡು ಹೋದರೆಂದು ಗಂಡ ಸುದ್ದಿ ತಂದರು. ಮುಖ ಬಿಳಿಚಿಕೊಂಡಿತ್ತು. ಸರ್ಕಾರಿ ನೌಕರನ ಮನೆ, ಕೆಲಸ ಹೋಗುತ್ತದೆ, ಗಿಡ ಕಿತ್ತು ಹಾಕು ಎಂದರು. ಅತ್ತೆಗೆ ಬೇಕಲ್ಲ ಎಂದೆ. ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಚೀಟಿ ಬರೆಸುತ್ತೇನೆ, ಚೀಟಿ ಇದ್ದರೆ ಯಾರ ಭಯವೂ ಇಲ್ಲದೆ ತರಬಹುದು ಎಂದರು. ಭಾನುವಾರ ಮಧ್ಯಾಹ್ನ ನಾನೇ ಗಿಡ ಕಿತ್ತು, ತುಂಡು ಮಾಡಿ, ತಿಪ್ಪೆಯಲ್ಲಿ ಹೂತೆ. ಬುಧವಾರ ಗಂಡನ ಕಾಗದ ಬಂತು. ಅಂಥ ಚೀಟಿ ಬರೆಯುವ ಹಾಗಿಲ್ಲ ಎಂದು ಡಾಕ್ಟರು ಕೈ ಮುಗಿದರಂತೆ. ಪಂಡಿತರೂ ಈ ಸಲ ನನ್ನನ್ನು ಬಾಗಿಲಿನಿಂದಲೇ ಕಳಿಸಿದರು. ಪೊಲೀಸರು ನಮ್ಮ ಬೀದಿಗೆ ಕಾಲಿಡಲೇ ಇಲ್ಲ. ಅವರ ಕೆಲಸವನ್ನು ನಾನೇ ಮಾಡಿ ಮುಗಿಸಿದ್ದೆ.

ಹುಳು ಹಣ್ಣಾದವು. ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಟ್ಟೆ. ಬೆಳೆ ಚೆನ್ನಾಗಿತ್ತು. ಅತ್ತೆ ಅದನ್ನೆಲ್ಲ ಮಂಚದಿಂದಲೇ ನೋಡಿ, ಇನ್ನು ಹುರಿಯಮ್ಮ ಎಂದರು.

ಗಿಡ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಒಲೆ ಹಚ್ಚಿದೆ. ಬುಟ್ಟಿಯಲ್ಲಿ ಮಿಕ್ಕಿದ್ದ ಹಿಪ್ಪುನೇರಳೆ ಸೊಪ್ಪನ್ನು ತುಪ್ಪದಲ್ಲಿ ಹುರಿದು, ಬೆಲ್ಲದಲ್ಲಿ ಕಟ್ಟಿ ಅವರ ಬಾಯಿಗಿಟ್ಟೆ. ನಿಧಾನವಾಗಿ ಅಗಿದರು. ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ, ನೋವು ಇಳಿಯಿತು ಎಂದರು. ಆಮೇಲೆ ದಿನಾ ಕೇಳಿ ತಿಂದರು. ತಿಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಬೆನ್ನು ನಡುಗುತ್ತಿತ್ತು, ತೆಲುಗು ಮಾತ್ರ ಬಾಯಿಂದ ಬರಲಿಲ್ಲ. ಔಷಧಿಗಿಂತ ನಂಬಿಕೆಯೇ ಕೆಲಸ ಮಾಡುತ್ತಿದೆ ಎಂದು ನಾನು, ಪೆದ್ದಿ, ಸಮಾಧಾನ ಮಾಡಿಕೊಂಡೆ.

ಒಂದು ಬೆಳಿಗ್ಗೆ ಉಂಡೆ ಕೊಡಲು ಹೋದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು. ಹಿಡಿತದಲ್ಲಿ ಬಲವೇ ಇರಲಿಲ್ಲ.

"ನಲವತ್ತು ವರ್ಷ ಹುಳಕ್ಕೆ ಹಾಕಿದೀನಿ ಕಣಮ್ಮ. ಹೆಂಗಿರ್ತದೆ ಅಂತ ತಿಂದು ನೋಡಿರ್ಲಿಲ್ಲ."

ಮಗನಿಗೆ ಹೇಳಬೇಡ, ಅವನು ಪುಕ್ಕಲ, ನೊಂದುಕೊಳ್ಳುತ್ತಾನೆ ಎಂದರು. ಆಮೇಲೆ ಬಾಯಿ ತೆರೆದು ಅವತ್ತಿನ ಉಂಡೆಯನ್ನೂ ತೆಗೆದುಕೊಂಡರು. ಮೂರನೇ ದಿನ ಹೋದರು. ಗಂಡ ಬದುಕಿರುವವರೆಗೂ ನಾನು ಅವರಿಗೆ ಹೇಳಲಿಲ್ಲ.